ಅಣ್ಣನಿಗೆ ಸಿಗದ ತಾರೀಖು

ಠಾಣೆಯ ಮಾಜಿವಾಡಾದ ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಬಾಗಿಲಿಗೆ ಬೀಳುವ ಮೊದಲೇ ಅವರ ‘ಆಜಚಾ ದಿನವಿಶೇಷ’ ಫೋನಿಗೆ ಬಿದ್ದಿರುತ್ತದೆ. ಇವತ್ತು ಯಾರು ಹುಟ್ಟಿದರು, ಯಾರು ತೀರಿಕೊಂಡರು, ಯಾವ ಯುದ್ಧ ನಿಂತಿತು, ಯಾವ ಸೇತುವೆ ತೆರೆಯಿತು. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಹಾಗೆ ಕೈಮುಗಿದವರಲ್ಲಿ ಒಬ್ಬರೂ ಓದಿರುವುದಿಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. “ಮಮ್ಮಾ, ಮ್ಯೂಟ್ ಕರ್ ದೋ ನಾ” ಎಂದು ಮಗಳು ಎಷ್ಟೋ ಸಲ ಹೇಳಿದ್ದಾಳೆ. ನಾನು ಮಾಡಿಲ್ಲ. ದಿನವಿಶೇಷ ಎಂಬ ಶಬ್ದ ಕಂಡರೆ ನನಗೆ ಮೈ ಉರಿಯುತ್ತದೆ, ಆದರೂ ಕೊನೆಯ ಸಾಲಿನವರೆಗೆ ಓದಿಯೇ ಫೋನು ಕೆಳಗಿಡುತ್ತೇನೆ. ಈ ಕೆಟ್ಟ ಚಾಳಿ ನನಗೆ ಹತ್ತಿದ್ದು ಡೊಂಬಿವಲಿಯ ಮನೆಯಲ್ಲಿ. ಯಾರದೇ ಹುಟ್ಟುಹಬ್ಬವೆಂದರೂ ಮುಖ ಗಂಟಿಕ್ಕುವ ಹೆಂಗಸಾಗಿ ನಾನು ತಯಾರಾದದ್ದೂ ಅಲ್ಲಿಯೇ.

ಆ ಮನೆ ಡೊಂಬಿವಲಿ ಎಂಐಡಿಸಿಗೆ, ಅಂದರೆ ಕಾರ್ಖಾನೆಗಳ ಪ್ರದೇಶಕ್ಕೆ, ತಾಗಿಕೊಂಡ ವಸತಿಯಲ್ಲಿ, ಮೂರು ಮಾಳಿಗೆಯ ಕಟ್ಟಡವೊಂದರ ಎರಡನೇ ಮಾಳಿಗೆಯಲ್ಲಿತ್ತು. ಒಂದು ಹಾಲ್, ಒಂದು ಒಳಕೋಣೆ, ಇಬ್ಬರು ನಿಂತರೆ ಮೂರನೆಯವರು ಹೊರಗೇ ಉಳಿಯಬೇಕಾದ ಅಡುಗೆಮನೆ. ಗ್ಯಾಲರಿಯಲ್ಲಿ ನಿಂತರೆ ಕಾರ್ಖಾನೆಗಳ ಚಿಮಣಿಗಳು ಕಾಣುತ್ತಿದ್ದವು. ಗಾಳಿ ನಮ್ಮ ಕಡೆ ಬೀಸಿದ ದಿನ ಅಮ್ಮ ಒಣಗಲು ಹಾಕಿದ ಬಿಳಿ ಪಂಚೆಗಳನ್ನು ಓಡಿಹೋಗಿ ಒಳಗೆ ಎಳೆದುಕೊಳ್ಳುತ್ತಿದ್ದಳು, ಇಲ್ಲದಿದ್ದರೆ ಸಂಜೆಗೆ ಅವು ತೆಳು ಹಳದಿಯಾಗುತ್ತಿದ್ದವು. ಅಪ್ಪ ಉಡುಪಿ ಕಡೆಯಿಂದ ಬಂದವರು. ಅವರ ಜೊತೆಗೆ ಬಸ್ಸು ಹತ್ತಿ ಬಂದವರೆಲ್ಲ ಹೋಟೆಲು ಸೇರಿದರೆ, ಅಪ್ಪ ಮಾತ್ರ ಬಣ್ಣ ತಯಾರಿಸುವ ಕಂಪನಿಯೊಂದರ ಟೈಮ್ ಆಫೀಸು ಸೇರಿದ್ದರು. ಯಾರು ಎಷ್ಟು ಹೊತ್ತಿಗೆ ಗೇಟಿನೊಳಗೆ ಬಂದರು, ಯಾರು ತಡ ಮಾಡಿದರು ಎಂದು ನೋಡುವ ಕೆಲಸ. ಅದರಲ್ಲಿ ಅವರಿಗೆ ಸುಖವಿರಲಿಲ್ಲ. ಅವರ ಸುಖವೆಲ್ಲ ಎರಡು ಕರಿಹಲಗೆಗಳಲ್ಲಿತ್ತು. ಒಂದು ಕಟ್ಟಡದ ಗೇಟಿನ ಪಕ್ಕದ್ದು, ನೀರು ಬರುವ ಹೊತ್ತು ಮತ್ತು ಮೀಟಿಂಗಿನ ನೋಟಿಸು ಬರೆಯಲು ಸೊಸೈಟಿಯವರು ಹಾಕಿಸಿದ್ದು. ಅದರ ಮೇಲಿನ ಅರ್ಧವನ್ನು ಅಪ್ಪ ಕೇಳಿ ಪಡೆದುಕೊಂಡು ದಿನಾ ಮರಾಠಿಯಲ್ಲಿ ದಿನವಿಶೇಷ ಬರೆಯುತ್ತಿದ್ದರು. ಇನ್ನೊಂದು ನಮ್ಮ ಅಡುಗೆಮನೆಯ ಬಾಗಿಲ ಪಕ್ಕ, ಅದು ಕನ್ನಡದಲ್ಲಿ. ಎರಡು ಲಿಪಿಯಲ್ಲೂ ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ. ಪತ್ರಿಕೆಯಿಂದ ಕತ್ತರಿಸಿದ ಚೂರುಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ತಿಂಗಳವಾರು ತುಂಬಿಸಿಟ್ಟಿದ್ದರು. ಕಟ್ಟಡದವರಿಗೆ ಅವರ ಹೆಸರು ಗೊತ್ತಿರಲಿಲ್ಲ, ‘ಬೋರ್ಡ್‌ವಾಲೇ ಕಾಕಾ’ ಎನ್ನುತ್ತಿದ್ದರು. ಲೋಕಲ್ ಹಿಡಿಯಲು ಓಡುವ ಜನ ಆ ಹಲಗೆಯ ಎದುರು ನಿಂತದ್ದನ್ನು ನಾನು ಕಂಡಿದ್ದರೆ ಅದು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವಾಗ ಮಾತ್ರ.

ಓದುವವರು ಇಲ್ಲದಿದ್ದರೇನಂತೆ, ಉಣ್ಣುವವರು ನಾವಿದ್ದೆವಲ್ಲ. ಹಲಗೆಯ ಮೇಲೆ ಜಯಂತಿ ಎಂದಿದ್ದರೆ ಊಟಕ್ಕೆ ಏನಾದರೊಂದು ಸಿಹಿ, ಕಡೆಗೆ ಒಂದು ತುಂಡು ಬೆಲ್ಲವಾದರೂ ಸರಿ. ಪುಣ್ಯತಿಥಿ ಎಂದಿದ್ದರೆ ಸಾರಿಗೆ ಒಗ್ಗರಣೆ ಇಲ್ಲ, ಹಪ್ಪಳ ಕರಿಯುವಂತಿಲ್ಲ, ರೇಡಿಯೋ ಹಾಕುವಂತಿಲ್ಲ. ಈ ಕಾನೂನು ಯಾವ ಶಾಸ್ತ್ರದಲ್ಲೂ ಇಲ್ಲ, ಅಪ್ಪನೇ ಮಾಡಿದ್ದು. ದೇಶಕ್ಕಾಗಿ ಜೈಲಿಗೆ ಹೋದವರು, ದಾಸರು, ಸಂತರು, ವಿಜ್ಞಾನಿಗಳು, ಹಿಮದಲ್ಲಿ ನಡೆಯುತ್ತ ಎಲ್ಲೋ ಸತ್ತುಹೋದ ಪರದೇಶದವರು ಕೂಡ ನಮ್ಮ ಸಾರಿನ ರುಚಿ ನಿರ್ಧರಿಸುತ್ತಿದ್ದರು. ಒಂದೇ ದಿನ ಒಬ್ಬರು ಹುಟ್ಟಿ ಇನ್ನೊಬ್ಬರು ಸತ್ತಿದ್ದರೆ ಜಗಳ ಗ್ಯಾರಂಟಿ. ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದಳು.

“ಯಾರೋ ಸತ್ತದ್ದಕ್ಕೆ ನನ್ನ ಮಕ್ಕಳು ಸಪ್ಪೆ ಸಾರು ಯಾಕೆ ಉಣ್ಬೇಕು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆಯಾ?”

“ಯಾರೋ ಅಲ್ಲ ಮಾರಾಯ್ತಿ. ಅಂಥವರಿಂದಾಗಿ ನಾವು ಇವತ್ತು ಮನುಷ್ಯರ ಹಾಗೆ ಬದುಕ್ತಾ ಇದ್ದೇವೆ.”

“ಇದಾ ಮನುಷ್ಯರ ಹಾಗೆ? ಸತ್ತವರಿಗೆ ನನ್ನ ಸಾಸಿವೆಯ ಘಾಟು ತಾಗ್ತದಾ? ಅವರೇ ಬಂದು ಹೇಳ್ಲಿ, ಬಿಡ್ತೇನೆ.”

ಅಮ್ಮ ಮಾತಿನಲ್ಲಿ ಗೆಲ್ಲುತ್ತಿದ್ದಳು, ಅಡುಗೆಯಲ್ಲಿ ಸೋಲುತ್ತಿದ್ದಳು. ಅವಳು ಹಟ ಹಿಡಿದರೆ ಅಪ್ಪ ಊಟವನ್ನೇ ಬಿಟ್ಟು ಏಳುತ್ತಿದ್ದರು. ಗಂಡ ಉಪವಾಸ ಕೂತರೆ ಅವಳ ಗಂಟಲಲ್ಲೂ ತುತ್ತು ಇಳಿಯುತ್ತಿರಲಿಲ್ಲ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂದು ಗೊಣಗುತ್ತ ಒಗ್ಗರಣೆ ಸೌಟನ್ನು ಮೊಳೆಗೆ ನೇತುಹಾಕುತ್ತಿದ್ದಳು.

ಅಪ್ಪ ಕೆಟ್ಟವರಾಗಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಮನಸ್ಸು ಬರಲಿಕ್ಕಿಲ್ಲ. ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ಯಾಸೆಂಜರ್ ರೈಲು ಓಡಿದ ದಿನ ಏಪ್ರಿಲಿನಲ್ಲಿ ಬರುತ್ತದೆ. ಒಂದು ವರ್ಷ ಆ ದಿನ ಅಪ್ಪ ನಮ್ಮೆಲ್ಲರನ್ನೂ ಹೊರಡಿಸಿಕೊಂಡು ಠಾಣೆ ಸ್ಟೇಷನ್ನಿಗೆ ಹೋದರು. ನನಗಿಂತ ಆರು ವರ್ಷ ದೊಡ್ಡವನಾದ ಅಣ್ಣ ಸುಧಾಕರ ಅವರ ಕೈ ಹಿಡಿದಿದ್ದ, ನಾನು ಅಮ್ಮನ ಸೊಂಟದಲ್ಲಿದ್ದೆ. ಪ್ಲಾಟ್‌ಫಾರ್ಮಿನ ನಟ್ಟನಡುವೆ ನಿಂತು ಅಪ್ಪ ಆ ಮೊದಲ ರೈಲಿನ ಕಥೆಯನ್ನು ತಾವೇ ಅದರಲ್ಲಿ ಕೂತು ಬಂದವರ ಹಾಗೆ ಹೇಳಿದರು. ಇಳಿಯುವ ಜನ, ಹತ್ತುವ ಜನ ಎರಡೂ ಕಡೆಯಿಂದ ನೂಕಿ, ಅಮ್ಮನ ಒಂದು ಚಪ್ಪಲಿ ಹಳಿಯ ಮೇಲೆ ಬಿತ್ತು. ಅಣ್ಣ ನಗುತ್ತ ನಗುತ್ತ ಕೇಳಿದ:

“ಅಪ್ಪ, ಆ ರೈಲಿನ ಡ್ರೈವರಿನ ಬರ್ಥ್‌ಡೇ ಯಾವಾಗ?”

“ಡ್ರೈವರ್‌ಗಳದ್ದೆಲ್ಲ ಯಾರೂ ಬರೆದಿಡುದಿಲ್ಲ ಮಗಾ.”

ಬರುವಾಗ ಅಮ್ಮ ಬರಿಗಾಲಲ್ಲಿ ಬಂದಳು. ಅಪ್ಪ ತಮ್ಮ ಚಪ್ಪಲಿ ಕೊಟ್ಟರೂ ಹಾಕಿಕೊಳ್ಳಲಿಲ್ಲ, ಆದರೆ ಅವಳೂ ನಗುತ್ತಿದ್ದಳು. ನಾವು ನಾಲ್ವರೂ ಒಟ್ಟಿಗೆ ನಕ್ಕ ಬೇರೆ ದಿನ ನನ್ನ ನೆನಪಿನಲ್ಲಿಲ್ಲ.

ಅಣ್ಣ ಹುಟ್ಟಿದ್ದು ಜನವರಿ ಮೂವತ್ತರಂದು. ಮಹಾತ್ಮರು ಗುಂಡೇಟಿಗೆ ಬಿದ್ದ ದಿನ, ಹುತಾತ್ಮರ ದಿನ. ಬೆಳಿಗ್ಗೆ ಹನ್ನೊಂದಕ್ಕೆ ಎಂಐಡಿಸಿಯ ಸೈರನ್ನುಗಳು, ನಮ್ಮ ಬಾಯಲ್ಲಿ ಭೋಂಗಾಗಳು, ಒಂದರ ಹಿಂದೆ ಒಂದು ಕೂಗುತ್ತಿದ್ದವು. ಮನೆಯವರೆಲ್ಲ ಒಟ್ಟಿಗೆ ನಿಲ್ಲಬೇಕೆಂದು ಅಪ್ಪ ಆ ದಿನ ಸೆಕೆಂಡ್ ಶಿಫ್ಟ್ ಹಾಕಿಸಿಕೊಳ್ಳುತ್ತಿದ್ದರು. ನಮ್ಮ ಶಾಲೆ ಹೇಗೂ ಮಧ್ಯಾಹ್ನದ್ದು. ಭೋಂಗಾ ಶುರುವಾದದ್ದೇ ಹಾಲ್‌ನಲ್ಲಿ ಸಾಲಾಗಿ ನಿಂತು ತಲೆ ತಗ್ಗಿಸಬೇಕು, ಒಲೆ ಆರಿಸಿ ಅಮ್ಮನೂ ಬರಬೇಕು. ಕೆಳಗೆ ರಸ್ತೆಯಲ್ಲಿ ಕೆಲವರು ಸೈಕಲ್ ಇಳಿದು ನಿಲ್ಲುತ್ತಿದ್ದರು. ಚಿಕ್ಕಂದಿನಲ್ಲಿ ಅಣ್ಣ ಇದೆಲ್ಲ ತನಗಾಗಿಯೇ ಎಂದು ತಿಳಿದಿದ್ದ. ಅವನ ತಪ್ಪೇನು? ಹುಟ್ಟುಹಬ್ಬದ ದಿನ ಕಾರ್ಖಾನೆಗಳೆಲ್ಲ ಕೂಗುತ್ತವೆ, ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಡುತ್ತಾರೆ, ಊರೇ ನಿಲ್ಲುತ್ತದೆ. ಒಂದನೇ ಇಯತ್ತೆಯಲ್ಲಿದ್ದಾಗ ಮರಾಠಿ ಶಾಲೆಯ ಬಾಯಿ, ಅಂದರೆ ಟೀಚರು, ಬೆಳಿಗ್ಗೆ ಭೋಂಗಾ ಯಾಕೆ ಆಯಿತು ಎಂದು ಕೇಳಿದರಂತೆ. ಅಣ್ಣ ಎದ್ದು ನಿಂತು, “ಮಾಝಾ ವಾಢದಿವಸ ಆಹೇ ಮ್ಹಣೂನ್” ಎಂದನಂತೆ, ನನ್ನ ಹುಟ್ಟುಹಬ್ಬ ಅದಕ್ಕೆ ಅಂತ. ತರಗತಿ ಬಿದ್ದು ಬಿದ್ದು ನಕ್ಕಿತು. ಮನೆಗೆ ಬಂದ ಮೇಲೆ ಅಪ್ಪ ಅವನನ್ನು ಎದುರು ಕೂರಿಸಿಕೊಂಡು ಯಾರು, ಯಾರಿಂದ, ಎಲ್ಲಿ ಕೊಲ್ಲಲ್ಪಟ್ಟರು ಎಂದು ಪೂರ್ತಿ ವಿವರಿಸಿದರು. ಅಣ್ಣ ಎಲ್ಲ ಕೇಳಿ, “ಹಾಗಾದ್ರೆ ನನ್ನದು ಯಾವಾಗ?” ಎಂದನಂತೆ. ಈ ಕಥೆಯನ್ನು ಅಮ್ಮ ಮೊದಮೊದಲು ನಗುತ್ತ ಹೇಳುತ್ತಿದ್ದಳು.

ಅವನದು ಯಾವಾಗ ಎಂಬುದಕ್ಕೆ ಅಪ್ಪನ ಬಳಿ ಉತ್ತರವಿತ್ತು. ನಮ್ಮ ಕಡೆಯವರು ಹುಟ್ಟುಹಬ್ಬ ಮಾಡುವುದು ತಾರೀಖಿನಿಂದ ಅಲ್ಲ, ಜನ್ಮನಕ್ಷತ್ರದಿಂದ. ಆ ದಿನ ದೇವಸ್ಥಾನದಲ್ಲಿ ಹೆಸರು ಹೇಳಿಸಿ ಒಂದು ಅರ್ಚನೆ, ಮನೆಯಲ್ಲಿ ಪಾಯಸ. ಅಣ್ಣನ ನಕ್ಷತ್ರ ಒಂದು ವರ್ಷ ಜನವರಿಯ ಕೊನೆಗೆ, ಇನ್ನೊಂದು ವರ್ಷ ಫೆಬ್ರವರಿಗೆ ಬೀಳುತ್ತಿತ್ತು. ಆದರೆ ಅಪ್ಪನ ಬಿಸ್ಕತ್ತಿನ ಡಬ್ಬಿಯಲ್ಲಿ ಯಾರೂ ಸಾಯದ ದಿನ ಎಲ್ಲಿತ್ತು? ನಕ್ಷತ್ರದ ದಿನವೂ ಯಾರದೋ ಪುಣ್ಯತಿಥಿ ಬಂದು ಅಡ್ಡ ಕೂರುತ್ತಿತ್ತು. “ನಾಳೆ ಮಾಡುವ” ಎನ್ನುತ್ತಿದ್ದರು ಅಪ್ಪ. ನಾಳೆಗೆ ಅಮ್ಮನ ತೆಂಗಿನಕಾಯಿ ಖರ್ಚಾಗಿರುತ್ತಿತ್ತು, ಇಲ್ಲವೆ ಗ್ಯಾಸ್ ಮುಗಿದಿರುತ್ತಿತ್ತು. ನನ್ನ ಹುಟ್ಟುಹಬ್ಬ ಆಗಸ್ಟಿನಲ್ಲಿ, ಒಬ್ಬ ಸಂತರ ಜಯಂತಿಯ ಜೊತೆಗೆ, ಹಾಗಾಗಿ ನಕ್ಷತ್ರಕ್ಕೆ ಕಾಯದೆ ಆ ತಾರೀಖಿಗೇ ನನಗೆ ತಪ್ಪದೆ ಪಾಯಸ. ಅಣ್ಣ ಅದರಲ್ಲಿ ಪಾಲು ಕೇಳುತ್ತಿರಲಿಲ್ಲ, ಬಡಿಸಿದರೆ ಉಣ್ಣುತ್ತಿದ್ದ. ಒಂದು ವರ್ಷ ಅವನದು ಪೂರ್ತಿ ಮರೆತೇಹೋಯಿತು. ಯುಗಾದಿಯ ಹೊತ್ತಿಗೆ ಅಮ್ಮನಿಗೆ ನೆನಪಾಗಿ, ಬಟ್ಟಲಲ್ಲಿ ಪಾಯಸ ಹಾಕುತ್ತ ಅವಳು ಅತ್ತದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆಗ ಅಪ್ಪ ಹೇಳಿದ ಮಾತೂ ನೆನಪಿದೆ.

“ಅಳುದು ಎಂತಕ್ಕೆ? ಓದಿ ಎಂತಾದರೂ ಸಾಧಿಸ್ಲಿ. ಆಗ ಬೇರೆಯವರೇ ಅವನ ಜಯಂತಿ ಮಾಡ್ತಾರೆ.”

ಅಣ್ಣ ಏನೂ ಸಾಧಿಸಲಿಲ್ಲ. ಓದು ತಲೆಗೆ ಹತ್ತಲಿಲ್ಲ, ಹನ್ನೆರಡನೆಯದರಲ್ಲಿ ಫೇಲಾದ. ಮನೆಯಲ್ಲಿ ಕನ್ನಡ ಬಿಟ್ಟು ಮರಾಠಿ, ಹಿಂದಿ ಮಾತಾಡತೊಡಗಿದ. ಅಪ್ಪ ಕನ್ನಡದಲ್ಲಿ ಬೈದರೆ ಅವನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ. ಪರಿಚಯದವರೊಬ್ಬರು ಅವನನ್ನು ವಾಶಿಯ ಹಣ್ಣಿನ ಹೋಲ್‌ಸೇಲ್ ಮಾರ್ಕೆಟ್ಟಿನ ಅಂಗಡಿಯೊಂದಕ್ಕೆ ಸೇರಿಸಿದರು. ಅಲ್ಲೇ ಮಲಗುತ್ತಿದ್ದ, ವಾರಕ್ಕೊಮ್ಮೆ ಠಾಣೆಯವರೆಗೆ ಬಸ್ಸು, ಅಲ್ಲಿಂದ ಲೋಕಲ್ ಹಿಡಿದು ಮನೆಗೆ ಬರುತ್ತಿದ್ದ. ಬರುವಾಗ ಒಂದು ಚೀಲ ತುಂಬ ಹಣ್ಣು. ಅವನ ಅಂಗಿಗೆ ಕಿತ್ತಳೆಯ ವಾಸನೆ ಇರುತ್ತಿತ್ತು. ಅಮ್ಮ ಅದನ್ನು ಒಗೆಯುವ ಮೊದಲು ಮೂಗಿಗೆ ಹಿಡಿಯುತ್ತಿದ್ದಳು.

ಅವನಿಗೆ ಹದಿನೆಂಟು ತುಂಬಿದ ಜನವರಿ ಮೂವತ್ತರಂದು ಅಣ್ಣ ಹೇಳದೆ ಕೇಳದೆ ಬಂದ. ಕೈಯಲ್ಲಿ ಹಣ್ಣಿನ ಚೀಲವಿರಲಿಲ್ಲ, ಬೇಕರಿಯ ಬಿಳಿ ಪೆಟ್ಟಿಗೆಯಿತ್ತು. ಆ ನೂಕುನುಗ್ಗಲಿನಲ್ಲಿ ಅದನ್ನು ಒಂಚೂರೂ ಮುಕ್ಕಾಗದ ಹಾಗೆ ಹೇಗೆ ತಂದನೋ. ಬಿಳಿ ಕ್ರೀಮಿನ ಮೇಲೆ ಕೆಂಪಿನಲ್ಲಿ ಅವನದೇ ಹೆಸರು. ನಮ್ಮ ಮನೆಗೆ ಬಂದ ಮೊದಲ ಕೇಕು ಅದು. ನಾನು ಕುಣಿದಾಡಿದೆ. ಅಪ್ಪ ಮೌನಕ್ಕೆಂದು ಮಡಿ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು.

“ಇದೆಂತದು?”

“ಕೇಕ್. ಇವತ್ತು ನನ್ನ ಬರ್ಥ್‌ಡೇ.”

“ಗೊತ್ತುಂಟು. ಇವತ್ತು ಬೇಡ, ನಾಳೆ ಮಾಡುವ.”

“ನಾಳೆ ಮಾರ್ಕೆಟ್ ಉಂಟು ನನಗೆ.”

“ಹಾಗಾದ್ರೆ ನಕ್ಷತ್ರದ ದಿನ ನೋಡಿ...”

“ನಕ್ಷತ್ರ ನಕೋ, ಅಪ್ಪ. ಮಲಾ ಆಜ್ ಪಾಹಿಜೇ, ಇವತ್ತೇ ಬೇಕು. ಒಂದು ಸಲ. ಕೆಳಗಿನ ಬೋರ್ಡಲ್ಲಿ ನನ್ನ ಹೆಸರೂ ಬರೀರಿ, ಒಂದೇ ಒಂದು ಸಲ.”

“ಅಂಥವರು ಗುಂಡು ತಿಂದು ಬಿದ್ದ ದಿನ ನಾವು ಇಲ್ಲಿ ಮೇಣದಬತ್ತಿ ಊದುದಾ? ನಿನ್ನ ಹೆಸರು ಬರೀಲಿಕ್ಕೆ ಎಂತ ಸಾಧಿಸಿದ್ದೀ ನೀನು?”

ಅಮ್ಮ ಅಡುಗೆಮನೆಯಿಂದ ಬಂದಳು. “ಸಾಧಿಸಿದ ಮೇಲೆ ಹುಟ್ಟಿದವರು ಯಾರಾದ್ರೂ ಉಂಟಾ? ಹೇಳಿ ನೋಡುವ.”

ಅಪ್ಪ ಹೇಳುವ ಮೊದಲೇ ಭೋಂಗಾ ಕೂಗಿತು. ಅಪ್ಪ ಎದ್ದು ಕಣ್ಣು ಮುಚ್ಚಿ ನಿಂತರು, ಅಭ್ಯಾಸಬಲದಿಂದ ನಾನೂ ಅಮ್ಮನೂ ನಿಂತೆವು. ಅಣ್ಣ ನಿಲ್ಲಲಿಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ. ಕೂಗು ನಿಂತ ಮೇಲೆ ಅದನ್ನು ನೆಲದ ಮೇಲಿಟ್ಟು ಕೆಳಗೆ ಹೋದ. ನಾನು ಗ್ಯಾಲರಿಗೆ ಓಡಿದೆ. ಅವನು ಗೇಟಿನ ಹಲಗೆಯಲ್ಲಿ ಅಪ್ಪ ಬರೆದ ಸಾಲಿನ ಕೆಳಗೆ, ತನ್ನ ಸೊಟ್ಟ ಅಕ್ಷರದಲ್ಲಿ, ‘ಆಜ್ ಸುಧಾಕರಚಾ ವಾಢದಿವಸ’ ಎಂದು ಬರೆದ. ಆಡುತ್ತಿದ್ದ ಮಕ್ಕಳು ಸುತ್ತ ಸೇರಿ ಹ್ಯಾಪಿ ಬರ್ಥ್‌ಡೇ ಎಂದು ಕೂಗಿದರು. ತರಕಾರಿ ತರಲು ಹೊರಟಿದ್ದ ಇಬ್ಬರು ಹೆಂಗಸರು ನಿಂತು ಓದಿ ಅವನ ಕೈ ಕುಲುಕಿದರು. ಆ ಹಲಗೆಯನ್ನು ಜನ ನಿಂತು ಓದಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟರಲ್ಲಿ ಅಪ್ಪ ಒದ್ದೆ ಬಟ್ಟೆ ಹಿಡಿದು ಮೆಟ್ಟಿಲಿಳಿದು ಹೋದರು. ಎಲ್ಲರ ಎದುರಿಗೆ ಆ ಒಂದು ಸಾಲನ್ನು ಒರೆಸಿದರು. ಮೇಲಿನ ತಮ್ಮ ಸಾಲು ಕದಡಬಾರದೆಂದು ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಧಾನಕ್ಕೆ, ಜೋಪಾನವಾಗಿ ಒರೆಸಿದರು. ಆ ಜೋಪಾನವನ್ನು ನಾನು ಅವರಿಗೆ ಇವತ್ತಿಗೂ ಕ್ಷಮಿಸಿಲ್ಲ.

ಅಣ್ಣ “ಠೀಕ್ ಆಹೇ” ಎಂದಷ್ಟೇ ಹೇಳಿದ. ಮೇಲೆ ಬಂದು ಅಮ್ಮನ ಕಾಲು ಮುಟ್ಟಿದ. “ಕೇಕ್ ಖಾ ಲೇನಾ, ಶೈಲೂ” ಎಂದು ನನ್ನ ತಲೆ ಸವರಿ ಮೆಟ್ಟಿಲಿಳಿದ. ಅಮ್ಮ ಅವನನ್ನು ತಡೆಯಲಿಲ್ಲ. ಮುಂದಿನ ವಾರ ಬರುತ್ತಾನಲ್ಲ ಎಂದುಕೊಂಡಿರಬೇಕು. ಮರುದಿನ ಅಪ್ಪನೇ ತೆಂಗಿನಕಾಯಿ, ಬೆಲ್ಲ ತಂದು ಕೊಟ್ಟು ಪಾಯಸ ಮಾಡಿಸಿದರು. “ಬರ್ತಾನೆ, ಮಾರ್ಕೆಟ್ ಮುಗಿಸಿ ಸಂಜೆಗೆ ಬಂದೇ ಬರ್ತಾನೆ” ಎಂದು ಗ್ಯಾಲರಿಯಲ್ಲಿ ಕುರ್ಚಿ ಹಾಕಿ ಕೂತರು. ಕೇಕನ್ನು ಅಮ್ಮ ಯಾರಿಗೂ ಮುಟ್ಟಲು ಬಿಡದೆ ಕಪಾಟಿನ ಮೇಲಿಟ್ಟಳು. ಕೊನೆಗೆ ಇರುವೆಗಳು ಸಾಲುಗಟ್ಟಿದಾಗ ಪೆಟ್ಟಿಗೆಯ ಸಮೇತ ಅದನ್ನು ಹೊರಗೆ ಹಾಕಿದ್ದು ಅಪ್ಪ.

ಅಣ್ಣ ಆ ವಾರ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಅಪ್ಪ ವಾಶಿಗೆ ಹೋದರು. ಅವನು ಆವತ್ತೇ ಸಂಜೆ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋದನೆಂದೂ, ನಾಸಿಕದ ಕಡೆಯ ಲಾರಿ ಹತ್ತಿದ್ದನ್ನು ಯಾರೋ ನೋಡಿದ್ದಾರೆಂದೂ ಅಂಗಡಿಯವನು ಹೇಳಿದ. ಅಪ್ಪ ನಾಸಿಕಕ್ಕೂ ಹೋಗಿಬಂದರು. ಪೊಲೀಸ್ ಕಂಪ್ಲೇಂಟ್ ಆಯಿತು, ಫೋಟೋ ಕೊಟ್ಟದ್ದಾಯಿತು. ಆಮೇಲೆ ಶುರುವಾಯಿತು ಬೇರೆ ತರದ ತಿರುಗಾಟ. ಹಳಿಯ ಮೇಲೆ ಸಿಕ್ಕಿದ ವಾರಸುದಾರರಿಲ್ಲದ ಹೆಣಗಳನ್ನು ನೋಡಲು ಒಮ್ಮೆ ಕಲ್ಯಾಣಕ್ಕೆ, ಒಮ್ಮೆ ಠಾಣೆಗೆ ಕರೆ ಬರುತ್ತಿತ್ತು. ಅಪ್ಪ ಒಬ್ಬರೇ ಹೋಗುತ್ತಿದ್ದರು. ಬಂದವರು ಬಾಗಿಲ ಹೊರಗೇ ಕಾಲು ತೊಳೆದುಕೊಂಡು ಅಮ್ಮನ ಮುಖ ನೋಡದೆ ಹೇಳುತ್ತಿದ್ದರು: “ಅವನಲ್ಲ.” ಬೇರೆ ಯಾವ ಒಳ್ಳೆಯ ಸುದ್ದಿಯೂ ನಮ್ಮ ಮನೆಗೆ ಬರಲಿಲ್ಲ. ಕ್ರಮೇಣ ಆ ಕರೆಗಳೂ ನಿಂತವು.

ಮನೆ ನಡೆಯಿತು, ನಡೆಯದೆ ಏನು ಮಾಡುತ್ತದೆ. ಅಮ್ಮ ದಿನಾ ಒಗ್ಗರಣೆ ಹಾಕತೊಡಗಿದಳು, ಯಾರು ಸತ್ತ ದಿನವಾದರೂ ಸರಿ, ಸಾಸಿವೆ ಸಿಡಿದು ಮನೆಯೆಲ್ಲ ಕೆಮ್ಮುವ ಹಾಗೆ. ಅಪ್ಪ ಅದನ್ನೇ ಕಲಸಿಕೊಂಡು ಉಂಡು ಏಳುತ್ತಿದ್ದರು. ಸಿಹಿ ಎಂಬುದು ನಮ್ಮ ಮನೆಯಿಂದ ಎದ್ದೇಹೋಯಿತು. ಹುಟ್ಟುಹಬ್ಬ ಎಂಬ ಮಾತನ್ನು ನಾನೂ ಎತ್ತಲಿಲ್ಲ, ಆಗಸ್ಟ್ ಬಂದರೆ ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಇಷ್ಟಾದರೂ ಅಪ್ಪ ಹಲಗೆ ಬಿಡಲಿಲ್ಲ. ದಿನ ಬೆಳಗಾದರೆ ಸ್ನಾನ ಮಾಡಿ ಕೆಳಗಿಳಿದು ಸೀಮೆಸುಣ್ಣ ಹಿಡಿಯುತ್ತಿದ್ದರು. ಯಾಕೆ ಎಂದು ಒಮ್ಮೆ ಸಿಟ್ಟಿನಲ್ಲೇ ಕೇಳಿದೆ. “ಬಿಟ್ಟರೆ ಜನ ಯಾಕೆ ಅಂತ ಕೇಳ್ತಾರೆ” ಎಂದರು. ಯಾರು ಕೇಳುತ್ತಿದ್ದರು? ಒಂದು ನರಪಿಳ್ಳೆಯೂ ಕೇಳುತ್ತಿರಲಿಲ್ಲ. ಈಗ ಅಪ್ಪ ಇಲ್ಲ, ಅಮ್ಮ ಇಲ್ಲ, ಆ ಕಟ್ಟಡವನ್ನೂ ಕೆಡವಿ ಬೇರೆ ಕಟ್ಟಿದ್ದಾರೆ. ಅಣ್ಣನಿಗಾಗಿ ಕಾಯಲು ನಾನೊಬ್ಬಳು ಉಳಿದಿದ್ದೇನೆ, ನಿಜ ಹೇಳಬೇಕೆಂದರೆ ನಾನೂ ಕಾಯುವುದನ್ನು ಬಿಟ್ಟಿದ್ದೇನೆ.

ಅವನಿಗೆ ಉತ್ತರಕ್ರಿಯೆಯೂ ಆಗಲಿಲ್ಲ. ಅದು ಯಾಕೆ ಆಗಲಿಲ್ಲ ಎಂಬುದನ್ನು ಹೇಳಿ ಮುಗಿಸುತ್ತೇನೆ. ಅಣ್ಣ ಹೋಗಿ ಹನ್ನೆರಡು ವರ್ಷ ಕಳೆದಿತ್ತು, ನನ್ನ ಮದುವೆಯ ಮಾತು ನಡೆಯುತ್ತಿತ್ತು. ಕಾಣೆಯಾದವರು ಅಷ್ಟು ವರ್ಷ ಬಾರದಿದ್ದರೆ ಸತ್ತರೆಂದೇ ತಿಳಿದು ಕ್ರಿಯೆ ಮಾಡಿ ಮುಗಿಸಬೇಕು, ಇಲ್ಲದಿದ್ದರೆ ಮನೆಗೆ ಶ್ರೇಯಸ್ಸಲ್ಲ ಎಂದು ನೆಂಟರು ಒತ್ತಾಯ ಮಾಡಿದರು. ಒಂದು ಮಧ್ಯಾಹ್ನ ಊರ ಕಡೆಯ ಭಟ್ಟರೊಬ್ಬರು ಬಂದು ಹಾಲ್‌ನಲ್ಲಿ ಚಾಪೆಯ ಮೇಲೆ ಕೂತರು. ಒಳ್ಳೆಯ ಮನುಷ್ಯ, ಮೆಲ್ಲನೆ ಮಾತಾಡುತ್ತಿದ್ದರು.

“ದರ್ಭೆಯಲ್ಲಿ ಒಂದು ಆಕೃತಿ ಮಾಡಿ ಸಂಸ್ಕಾರ ಮಾಡುದು. ಅದು ಕಷ್ಟ ಇಲ್ಲ. ಆದರೆ ವರ್ಷ ವರ್ಷ ಶ್ರಾದ್ಧಕ್ಕೆ ಹಿಡೀಲಿಕ್ಕೆ ಒಂದು ದಿನ ಬೇಕು ನೋಡಿ. ಯಾವತ್ತು ತೀರಿಕೊಂಡದ್ದು ಅಂತ ಗೊತ್ತುಂಟಾ?”

ಅಪ್ಪ ಇಲ್ಲವೆಂದು ತಲೆಯಾಡಿಸಿದರು. ಯಾವ ದೇಶದ ಯಾರು ಯಾವತ್ತು ಸತ್ತರೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ ಮನುಷ್ಯ.

“ಗೊತ್ತಿಲ್ಲ ಭಟ್ರೇ.”

“ಗೊತ್ತಿಲ್ಲದಿದ್ದರೆ ಮನೆ ಬಿಟ್ಟು ಹೋದ ದಿನವನ್ನೇ ಹಿಡಿಯುದು ಕ್ರಮ. ಅದು ಯಾವತ್ತು?”

ಅಡುಗೆಮನೆಯಿಂದ ಅಮ್ಮನ ದನಿ ಬಂತು: “ಜನವರಿ ಮೂವತ್ತು.”

“ಹ್ಞಾಂ. ಅದರ ತಿಥಿ ಯಾವುದು ಅಂತ ಹಳೇ ಪಂಚಾಂಗದಲ್ಲಿ ನೋಡಿ ಹೇಳ್ತೇನೆ, ಅದನ್ನೇ ಇಟ್ಟುಕೊಳ್ಳುವ” ಎಂದು ಭಟ್ಟರು ಪೆನ್ನು ತೆಗೆದರು.

“ಆ ದಿನ ಬೇಡ” ಎಂದರು ಅಪ್ಪ. ಅವರ ದನಿ ನನಗೇ ಗುರುತು ಸಿಗಲಿಲ್ಲ.

“ಯಾಕೆ? ಬೇರೆ ಯಾರದ್ದಾದರೂ ಶ್ರಾದ್ಧ ಉಂಟಾ ಆವತ್ತು?”

“ಇಲ್ಲ. ಆವತ್ತು ನನ್ನ ಮಗ ಹುಟ್ಟಿದ್ದು. ಅವನ ದಿನ ಅದು. ಆವತ್ತು ಯಾರದ್ದೂ ಶ್ರಾದ್ಧ ಆಗ್ಲಿಕ್ಕಿಲ್ಲ.”

ಭಟ್ಟರು ಪೆನ್ನು ಮುಚ್ಚಿದರು. ಅಮ್ಮ ಕಾಫಿ ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು. “ಕೇಳುವವ ಇದ್ದಾಗ ಹೇಳ್ಬೇಕಿತ್ತು” ಎಂದಳು. ಲೋಟವನ್ನು ಭಟ್ಟರ ಎದುರಿಗಿಟ್ಟು ಒಳಗೆ ಹೋದಳು.